ಹಳೆಯ ಕಂಪ್ಯೂಟರು: ಇರಲೋ, ಹೋಗಲೋ?

ಕೋರ್ಟಿನ ಎದುರು ಮರದ ನೆರಳಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಕರಾರುಪತ್ರಗಳನ್ನು ಬೆರಳಚ್ಚು ಮಾಡಿಕೊಡುತ್ತಿದ್ದವರನ್ನು ಹಿರಿಯರು ಮರೆತಿರಲಾರರು. ಆಗಾಗ ಎಣ್ಣೆ ಬಿಟ್ಟು, ರಿಬ್ಬನ್ ಬದಲಿಸಿದರೆ ಸಾಕು, ಆ ಯಂತ್ರ ದಶಕಗಟ್ಟಲೆ ದುಡಿಯುತ್ತಿತ್ತು. ಅಪ್ಪ ಕೊಂಡ ಯಂತ್ರದಲ್ಲೇ ಮಗನೂ ಸಂಸಾರ ಸಾಗಿಸಿದ್ದುಂಟು. ಅದನ್ನು ಬದಲಿಸುವುದು ಯಾವಾಗ ಎಂದರೆ ಉತ್ತರ ಸುಲಭವಿತ್ತು: ಪೂರ್ತಿ ಸವೆದಾಗ.

ಕಂಪ್ಯೂಟರಿನ ಮಾತು ಹಾಗಲ್ಲ. ಕೀಲಿಮಣೆ, ಪರದೆ ಎಲ್ಲವೂ ನೆಟ್ಟಗಿದ್ದರೂ ಅದಕ್ಕೆ ಮುಪ್ಪು ಬರಬಹುದು. ಅದರ ಆಯುಷ್ಯ ತಂತ್ರಾಂಶವನ್ನೂ ಅವಲಂಬಿಸಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಅನೇಕ ಹಳೆಯ ಯಂತ್ರಗಳಲ್ಲಿ ಇದು ಇಲ್ಲ. ಹೀಗಾಗಿ ಸಣ್ಣ ಕಚೇರಿ, ಜೆರಾಕ್ಸ್ ಅಂಗಡಿ, ಮನೆ ಎಲ್ಲೆಡೆಯೂ ಒಂದೇ ಪ್ರಶ್ನೆ: ಇರಲೋ, ಹೋಗಲೋ?

ತಡಕ್ಕೆ ತೆರುವ ದಂಡ

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ ತಿಂಗಳ ಘಟನೆ ಸಾಕ್ಷಿ. ‘ವಾನ್ನಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳೇ ರದ್ದಾದವು. ಆ ದೋಷಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದವರು ಪೇಚಿಗೆ ಸಿಲುಕಿದರು. ಬೆಂಬಲವೇ ನಿಂತ ಯಂತ್ರಕ್ಕೆ ಇಂಥ ಪರಿಹಾರ ಸಕಾಲದಲ್ಲಿ ದೊರೆಯುವ ಭರವಸೆಯೂ ಇರುವುದಿಲ್ಲ.

ಆತುರವೂ ಸಲ್ಲದು

ಹಾಗೆಂದು ಯಂತ್ರ ನಿಧಾನವಾದ ಕೂಡಲೇ ಅಂಗಡಿಗೆ ಓಡಬೇಕಿಲ್ಲ. ಹಳೆಯ ಯಂತ್ರಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ. ಅದರ ಜಾಗದಲ್ಲಿ ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ, ರ‍್ಯಾಮ್ ಹೆಚ್ಚಿಸಿದರೆ, ಬಹಳಷ್ಟು ಯಂತ್ರಗಳು ಮತ್ತೆ ಚುರುಕಾಗುತ್ತವೆ. ಪತ್ರ ಬರೆಯಲು, ಪಾಠ ನೋಡಲು ಮಾತ್ರ ಬೇಕಿದ್ದರೆ ಉಚಿತವಾಗಿ ಸಿಗುವ ಲಿನಕ್ಸ್ ಕೂಡ ಒಂದು ದಾರಿ. ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯ ಅರ್ಧದಷ್ಟಾದಾಗ ಮಾತ್ರ ಮತ್ತೊಮ್ಮೆ ಯೋಚಿಸುವುದು ಲೇಸು.

ವಾಣಿಜ್ಯ ವಿದ್ಯಾರ್ಥಿಗಳು ಇಲ್ಲೊಂದು ಸಂಗತಿ ಗಮನಿಸಬೇಕು. 2013ರ ಕಂಪೆನಿ ಕಾಯ್ದೆಯ ಎರಡನೆಯ ಅನುಸೂಚಿ ಸವಕಳಿ ಲೆಕ್ಕಕ್ಕಾಗಿ ಪೀಠೋಪಕರಣಕ್ಕೆ ಸಾಮಾನ್ಯವಾಗಿ 10 ವರ್ಷ, ಸರ್ವರಿಗೆ 6 ವರ್ಷ, ಮೇಜಿನ ಕಂಪ್ಯೂಟರಿಗೆ ಬರೀ 3 ವರ್ಷ ಆಯುಷ್ಯ ಇಟ್ಟಿದೆ. ಆದರೆ ಇದು ಲೆಕ್ಕಪುಸ್ತಕದ ಆಯುಷ್ಯ. ಮೂರು ವರ್ಷಕ್ಕೆ ಯಂತ್ರ ಎಸೆಯಬೇಕೆಂದು ಅರ್ಥವಲ್ಲ; ಅಷ್ಟರೊಳಗೆ ಮುಂದಿನದಕ್ಕೆ ಹಣ ಕೂಡಿಡುವ ಅಭ್ಯಾಸವಿರಲಿ ಎಂಬ ಎಚ್ಚರಿಕೆ ಎಂದುಕೊಳ್ಳಬಹುದು.

ಕಡತಗಳ ಗತಿ

ಯಂತ್ರ ಹೋದರೂ ಬರಹ ಉಳಿಯಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಕನ್ನಡ ಕಡತಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಹಳೆಯ ಯಂತ್ರ ಜೀವಂತವಿರುವಾಗಲೇ ಅವುಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಎರಡು ಕಡೆ ಪ್ರತಿ ಇಟ್ಟುಕೊಳ್ಳಬೇಕು. ಕೆಟ್ಟ ಮೇಲೆ ಬುದ್ಧಿ ಬಂದರೆ ಕಡತ ಬಾರದು.

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಮಗನೋ ಮಗಳೋ ಹೊಸ ಲ್ಯಾಪ್‌ಟಾಪ್ ಕೇಳಿದಾಗ ಪಾಲಕರು ಬೈಯುವುದೂ ಬೇಡ, ತಕ್ಷಣ ಸಾಲ ಮಾಡುವುದೂ ಬೇಡ. ಮೂರು ಪ್ರಶ್ನೆ ಕೇಳಲಿ: ಈಗಿನ ಯಂತ್ರಕ್ಕೆ ಭದ್ರತೆಯ ಬೆಂಬಲ ಇದೆಯೇ? ಮಾಡಬೇಕಾದ ಕೆಲಸ ಅದರಿಂದ ಆಗುತ್ತಿಲ್ಲವೇ? ಬಿಡಿಭಾಗ ಬದಲಿಸಿದರೆ ಸರಿಹೋಗದೇ? ಉತ್ತರವನ್ನು ಮಕ್ಕಳೇ ಹುಡುಕಿ, ಖರ್ಚಿನ ಲೆಕ್ಕ ಬರೆದು ತರಲಿ. ನಾಳೆ ಕಚೇರಿಯೊಂದರ ಹೊಣೆ ಹೊತ್ತಾಗ ಅವರು ಮಾಡಬೇಕಾದ ಕೆಲಸವೂ ಇದೇ ತಾನೆ?