ಮೂಳೆಯೊಳಗಿನ ಮಜ್ಜೆ: ಯಾರು ಕೊಟ್ಟರೆ ಫಲಿಸೀತು?

1958ನೆಯ ಇಸವಿ ಅಕ್ಟೋಬರ್ 15ರಂದು ಯುಗೋಸ್ಲಾವಿಯದ ವಿಂಚಾ ಎಂಬಲ್ಲಿ ಪರಮಾಣು ಸ್ಥಾವರವೊಂದು ಹತೋಟಿ ತಪ್ಪಿ, ಆರು ಮಂದಿ ಘೋರ ವಿಕಿರಣಕ್ಕೆ ಸಿಕ್ಕಿದರು. ಅವರನ್ನು ವಿಮಾನದಲ್ಲಿ ಪ್ಯಾರಿಸ್ಸಿಗೆ ಒಯ್ಯಲಾಯಿತು. ರಕ್ತಕಣಗಳನ್ನು ಹುಟ್ಟಿಸುವ ಮಜ್ಜೆಯೇ ಬೆಂದುಹೋದಂತಿದ್ದ ಐವರಿಗೆ ಡಾಕ್ಟರ್ ಜಾರ್ಜ್ ಮತೆಯವರೂ ಅವರ ಸಂಗಡಿಗರೂ ಬೇರೆಯವರ ಮಜ್ಜೆಯನ್ನು ಏರಿಸಿದರು. ಕೊಟ್ಟವರು ಯಾವ ನಂಟೂ ಇಲ್ಲದ ಫ್ರೆಂಚ್ ಜನ. ಅವರಲ್ಲಿ ಮಕ್ಕಳ ತಾಯಿಯೊಬ್ಬಳೂ ಇದ್ದಳು. ಐವರಲ್ಲಿ ನಾಲ್ವರು ಉಳಿದರು. ಎರವಲು ಮಜ್ಜೆ ಅವರಲ್ಲಿ ಕೆಲಕಾಲವಷ್ಟೇ ನಿಂತಿತು, ಆಮೇಲೆ ಅವರದೇ ಮಜ್ಜೆ ಚೇತರಿಸಿತು.

ಶಾಶ್ವತವಾಗಿ ನಿಲ್ಲಬೇಕಾದರೆ ಎಂತಹವರ ಮಜ್ಜೆ ಬೇಕು? ಅದೇ ವರ್ಷ, ಅದೇ ಪ್ಯಾರಿಸ್ಸಿನಲ್ಲಿ, ಜಾನ್ ದೊಸ್ಸೆ ಎಂಬ ವೈದ್ಯರು ಬಿಳಿಯ ರಕ್ತಕಣಗಳ ಮೇಲಿನ ಗುರುತೊಂದನ್ನು ಕಂಡುಹಿಡಿದಿದ್ದರು. ಇಂತಹ ಗುರುತುಗಳ ಹೊಂದಾಣಿಕೆಯೇ ಇಂದಿಗೂ ಮೊದಲ ಪರೀಕ್ಷೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ರಕ್ತದ ಗುಂಪು ಬೇರೆಯಾದರೂ ಬಾಧಕವಿಲ್ಲವೆಂಬುದು ಅನೇಕರಿಗೆ ಅಚ್ಚರಿ ತರುವ ಸಂಗತಿ.

ಹೊಂದುವವರು ಇಬ್ಬರು ಮೂವರು ಸಿಕ್ಕರೆ ಆಯ್ಕೆಯ ಪ್ರಶ್ನೆ. ಮನೆಯಲ್ಲಾದರೆ ಹಿರಿಯರೇ ಮುಂದೆ ಬರುತ್ತಾರೆ. ಅವರ ಅಂತಃಕರಣ ದೊಡ್ಡದು, ಆದರೆ ಮಜ್ಜೆಗೆ ವಯಸ್ಸಿನ ಲೆಕ್ಕವಿದೆ. ವಯಸ್ಸಾದಂತೆ ಮೂಳೆಯೊಳಗೆ ಕೊಬ್ಬು ಹೆಚ್ಚಿ, ಕಣ ಹುಟ್ಟಿಸುವ ಕೆಂಪು ಮಜ್ಜೆ ತಗ್ಗುತ್ತದೆ. ನಂಟಿಲ್ಲದ ದಾನಿಗಳಿಂದಾದ ಸಾವಿರಾರು ಕಸಿಗಳನ್ನು ಹೋಲಿಸಿ ನೋಡಿದಾಗ, ತರುಣರ ಮಜ್ಜೆ ಪಡೆದವರೇ ಹೆಚ್ಚು ಮಂದಿ ಬದುಕಿದ್ದರು. ಹಲವು ಬಾರಿ ಗರ್ಭ ಧರಿಸಿದ ತಾಯಿಯ ರಕ್ತವು ಮಗುವಿನ ಅನ್ಯ ಗುರುತುಗಳನ್ನು ಕಂಡು ಎಚ್ಚೆತ್ತಿರುವುದರಿಂದ, ಅವಳ ಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿ ಬೀಳುವ ಭಯ ತುಸು ಹೆಚ್ಚು. ತಾಯಿಯ ವಾತ್ಸಲ್ಯಕ್ಕೂ ಕಣಗಳ ವರ್ತನೆಗೂ ಸಂಬಂಧವಿಲ್ಲ, ಏನು ಮಾಡುವುದು!

ದಾನಿ ಒಳ್ಳೆಯವನಾದರೆ ಸಾಲದು, ತೆಗೆಯುವ ಕೈಯೂ ಒಳ್ಳೆಯದಿರಬೇಕು. ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆಂಬ ಅಂಜಿಕೆ ನಿರಾಧಾರ. ಅರಿವಳಿಕೆ ಕೊಟ್ಟು, ಸೊಂಟದ ಹಿಂಬದಿಯ ಮೂಳೆಯಿಂದ ಮಜ್ಜೆಯನ್ನು ಹೀರುತ್ತಾರೆ. ಒಂದೆಡೆ ಸುಮಾರು 5 ಮಿಲಿಲೀಟರು ತೆಗೆದು ಸೂಜಿಯನ್ನು ಸರಿಸಬೇಕು. ಆತುರಪಟ್ಟು ಒಂದೇ ಕಡೆ ಹೆಚ್ಚು ಎಳೆದರೆ ಬರುವುದು ಬರಿಯ ರಕ್ತ. ಚೀಲ ತುಂಬುತ್ತದೆ, ಕಣಗಳು ಇರುವುದಿಲ್ಲ. ರೋಗಿಯ ತೂಕದ ಕಿಲೋ ಒಂದಕ್ಕೆ ಸುಮಾರು 30 ಕೋಟಿ ಬೀಜಕಣಯುಕ್ತ ಜೀವಕೋಶಗಳು ಬೇಕೆಂದು ಲೆಕ್ಕ. 50 ಕಿಲೋ ತೂಗುವವನಿಗೆ 1,500 ಕೋಟಿ! ದಾನಿಯಿಂದ ಅವನ ತೂಕದ ಕಿಲೋಗೆ 20 ಮಿಲಿಲೀಟರಿಗಿಂತ ಹೆಚ್ಚು ತೆಗೆಯಬಾರದೆಂಬ ಕಟ್ಟುಪಾಡಿರುವುದರಿಂದ, ಪುಟ್ಟ ತಂಗಿಯ ಮಜ್ಜೆ ದಪ್ಪನೆಯ ಅಣ್ಣನಿಗೆ ಸಾಲದೆ ಹೋಗುವುದುಂಟು. ಕೊಟ್ಟವರಿಗೆ ಕೆಲವು ದಿನ ಸೊಂಟ ನೋಯುತ್ತದೆ. ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬುತ್ತದೆ.

ಈಗ ಅನೇಕ ಕಡೆ ಚುಚ್ಚುಮದ್ದು ಕೊಟ್ಟು, ತೋಳಿನ ರಕ್ತದಿಂದಲೇ ಈ ಕಣಗಳನ್ನು ಸೋಸಿ ಪಡೆಯುತ್ತಾರೆ. ಆದರೂ ಮಜ್ಜೆಯೇ ಬತ್ತಿಹೋಗುವ ರೋಗದಲ್ಲಿ, ಮಕ್ಕಳ ವಿಷಯದಲ್ಲಿ, ಹಳೆಯ ವಿಧಾನಕ್ಕೇ ಹೆಚ್ಚು ಮನ್ನಣೆ.

ಒಪ್ಪಿಗೆಯ ಮಾತು ಬಲು ಸೂಕ್ಷ್ಮ. ಕಸಿಗೆ ಕೆಲವು ದಿನ ಮುಂಚೆ ತೀವ್ರವಾದ ಔಷಧಗಳಿಂದ ರೋಗಿಯ ಸ್ವಂತ ಮಜ್ಜೆಯನ್ನು ಅಳಿಸಿಹಾಕುತ್ತಾರೆ. ಆಮೇಲೆ ದಾನಿ ಹಿಂದೆ ಸರಿದರೆ ರೋಗಿ ಉಳಿಯುವುದು ದುಸ್ತರ. ಆದಕಾರಣ, ಔಷಧ ಆರಂಭವಾಗುವ ಮೊದಲೇ, ರೋಗಿಯನ್ನು ನೋಡಿಕೊಳ್ಳದ ಬೇರೊಬ್ಬ ವೈದ್ಯರು, ಮನೆಯವರಾರೂ ಇಲ್ಲದ ಕೋಣೆಯಲ್ಲಿ ದಾನಿಯನ್ನು ಕೂರಿಸಿಕೊಂಡು, ‘ನಿಮಗೆ ನಿಜವಾಗಿ ಮನಸ್ಸಿದೆಯೇ?’ ಎಂದು ಕೇಳುವುದು ಒಳ್ಳೆಯ ಪದ್ಧತಿಯೆನಿಸಿದೆ.