ಬೆಟ್ಟಕ್ಕೆ ಚುಕ್ಕಿಯೂ ಬರಬಹುದೇ?

ನಮ್ಮ ಭಾನುವಾರದ ಬೆಟ್ಟ ಹತ್ತುವ ಗುಂಪಿನಲ್ಲಿ ಅಜ್ಜ ಅಜ್ಜಿಯರು ಏಳು ಮಂದಿ, ಮಕ್ಕಳು ಹತ್ತು ಹನ್ನೆರಡು. ನಡುವಯಸ್ಸಿನವರು ಯಾರೂ ಇಲ್ಲ. ಅವರಿಗೆ ಭಾನುವಾರ ನಿದ್ದೆ ಬೇಕು. ತುಮಕೂರಿನ ಸುತ್ತ ಬೆಟ್ಟಗಳಿಗೇನೂ ಬರವಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊರಟು, ಮೇಲೆ ಕುಳಿತು ಚಿತ್ರಾನ್ನ ತಿಂದು, ಬಿಸಿಲೇರುವ ಮುಂಚೆ ಇಳಿದುಬಿಡುತ್ತೇವೆ. ಇಷ್ಟು ದಿನ ಜಗಳವೆಂದರೆ ಟೆಂಪೊದ ಕಿಟಕಿ ಸೀಟಿಗಾಗಿ ಮಾತ್ರ. ಈ ಸಲ ಯುಗಾದಿ ಕಳೆದ ಮೇಲೆ ಒಂದು ದೊಡ್ಡ ಪಂಚಾಯಿತಿಯೇ ಸೇರಬೇಕಾಯಿತು.

ಏಳನೇ ತರಗತಿಯ ಹುಡುಗನೊಬ್ಬ, ‘ಮುಂದಿನ ವಾರದಿಂದ ಚುಕ್ಕಿಯನ್ನೂ ಕರ್ಕೊಂಡು ಬರ್ತೀನಿ’ ಎಂದ. ಚುಕ್ಕಿ ಅವನ ನಾಯಿ. ಬೀದಿಯಿಂದ ಎತ್ತಿ ತಂದು ಸಾಕಿದ ಮರಿ, ಈಗ ಎರಡು ವರ್ಷದ್ದು. ಮಕ್ಕಳೆಲ್ಲ ಹೋ ಎಂದು ಕುಣಿದರು. ಗುಂಪಿನ ಹಿರಿಯ ಅಜ್ಜಿಯೊಬ್ಬರು ಮಾತ್ರ, ‘ನಾಯಿ ಬಂದ್ರೆ ನಾನು ಬರೋಲ್ಲ ಕಣಪ್ಪ’ ಎಂದುಬಿಟ್ಟರು. ಹುಡುಗನ ಮುಖ ಬಾಡಿತು. ‘ಅಜ್ಜೀ, ಅದು ಏನೂ ಮಾಡಲ್ಲ’ ಎಂದ. ಇಬ್ಬರೂ ನನ್ನ ಕಡೆ ತಿರುಗಿದರು. ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯಾದರೂ ತೀರ್ಪು ಹೇಳುವ ಕೆಲಸ ತಪ್ಪುವುದಿಲ್ಲ.

‘ಯಾವ ಬೆಟ್ಟಕ್ಕೆ?’ ಎಂದು ಕೇಳಿದೆ. ಈ ಪ್ರಶ್ನೆಗೆ ಉತ್ತರ ಸಿಗದೆ ‘ನಾಯಿ ಬರಬಹುದು’, ‘ನಾಯಿ ಬರಬಾರದು’ ಎಂದು ವಾದ ಮಾಡಿದರೆ ಸಂಜೆಯವರೆಗೂ ಮುಗಿಯುವುದಿಲ್ಲ.

ನಾಯಿಯೂ ಮನುಷ್ಯನೂ ಜೊತೆಯಾಗಿ ಗುಡ್ಡ ಹತ್ತುವುದು ನಮ್ಮಲ್ಲಿ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ. ಕಾಲ ಕ್ರಿ.ಶ. 949–50. ಗಂಗರ ಬೂತುಗನ ಕಡೆಯ ವೀರ ಮಣಲೇರ. ಚೋಳರ ಮೇಲಿನ ಯುದ್ಧದಲ್ಲಿ ಅವನ ಪರಾಕ್ರಮಕ್ಕೆ ಮೆಚ್ಚಿ ಒಡೆಯ ‘ಬೇಕಾದ್ದು ಕೇಳು’ ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ! ಆ ಕಾಳಿಯನ್ನು ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ಮಣಲೇರ ತನ್ನ ನಾಯಿಗೊಂದು ಕಲ್ಲು ನಿಲ್ಲಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಣ್ಣಬಾರದೆಂದೂ ಬರೆಸಿದ್ದಾರೆ. ನಾಯಿ, ಹಂದಿ ಎದುರುಬದುರಾಗಿ ನಿಂತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಥೆ ಕೇಳಿ ಹುಡುಗ, ‘ನೋಡಿದ್ರಾ!’ ಎಂದು ಗೆದ್ದವನಂತೆ ಎದ್ದು ನಿಂತ. ‘ಕೂತ್ಕೋ’ ಎಂದೆ. ಕಾಳಿಗೆ ಕಲ್ಲು ನೆಟ್ಟಿದ್ದು ಅದು ಅಟ್ಟಿಸಿಕೊಂಡು ಹೋಗಿ ಹಿಡಿದದ್ದಕ್ಕೆ. ಅಟ್ಟಿಸಿಕೊಂಡು ಹೋಗುವ ಆ ಗುಣ ಚುಕ್ಕಿಯ ಮೈಯಲ್ಲೂ ಇದೆ. ಮನೆಯಲ್ಲಿ ಅದು ಹಲ್ಲಿಯನ್ನೂ ಬಿಡುವುದಿಲ್ಲವೆಂದು ಅವನ ಅಮ್ಮನೇ ಹೇಳಿದ್ದರು. ಹತ್ತನೇ ಶತಮಾನದಲ್ಲಿ ಮೆಚ್ಚುಗೆ ಗಳಿಸಿದ ಗುಣವೇ ಇಂದಿನ ಬೆಟ್ಟದಲ್ಲಿ ತೊಂದರೆ ತರುತ್ತದೆ.

ಮೂಗಿನ ಕಥೆ

ಬೆಟ್ಟದ ಕಾಲುದಾರಿಯಲ್ಲಿ ನಮಗೆ ಕಾಣುವುದು ಕಲ್ಲು, ಪೊದೆ, ಅಲ್ಲೊಂದು ಇಲ್ಲೊಂದು ಓತಿಕ್ಯಾತ. ನಾಯಿಗೆ ಅದೇ ದಾರಿ ಬಿಚ್ಚಿಟ್ಟ ದಿನಪತ್ರಿಕೆ ಇದ್ದಂತೆ. ವಾಸನೆ ಹಿಡಿಯುವ ಕಣಗಳು ನಮ್ಮ ಮೂಗಿನಲ್ಲಿ ಸುಮಾರು 50–60 ಲಕ್ಷವಾದರೆ, 20 ಕೋಟಿಗೂ ಹೆಚ್ಚು ಇರುವ ನಾಯಿತಳಿಗಳಿವೆ. ರಾತ್ರಿ ಯಾವ ಮೊಲ ದಾಟಿತು, ಯಾವ ಪೊದೆಯಲ್ಲಿ ಕೌಜುಗ ಮಲಗಿತ್ತು, ಎಲ್ಲವೂ ಅದಕ್ಕೆ ತಿಳಿಯುತ್ತದೆ. ತಿಳಿದ ಮೇಲೆ ಸುಮ್ಮನಿರು ಎಂದರೆ ಹೇಗೆ?

ಟಿಟ್ಟಿಭ ಹಕ್ಕಿಯನ್ನು ನೋಡಿದ್ದೀರಾ ಮಕ್ಕಳೇ? ಕೆರೆಯಂಗಳದಲ್ಲಿ, ಬಯಲಿನಲ್ಲಿ ಕಿರುಚಿಕೊಂಡು ಹಾರುವ ಉದ್ದ ಕಾಲಿನ ಹಕ್ಕಿ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬೇಸಿಗೆ ಶುರುವಾದಾಗಿನಿಂದ ಮಳೆಗಾಲದವರೆಗೆ ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣವೂ ಕಲ್ಲಿನ ಬಣ್ಣವೇ. ನಾವು ಪಕ್ಕದಲ್ಲೇ ನಿಂತರೂ ಕಾಣದು. ಆದರೆ ಕಣ್ಣಿಗೆ ಮಾಡಿದ ಈ ಮೋಸ ಮೂಗಿನ ಮುಂದೆ ನಡೆಯುವುದಿಲ್ಲ. ನವಿಲು, ಕೌಜುಗಗಳೂ ನೆಲದಲ್ಲೇ ಮೊಟ್ಟೆಯಿಡುತ್ತವೆ. ನಾಯಿ ಕಚ್ಚದೆ ಬರೀ ಮೂಸಿ ಬೊಗಳಿದರೂ ತಾಯಿಹಕ್ಕಿ ಎದ್ದು ಹೋಗುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ.

ಇದನ್ನು ಬೇರೆ ದೇಶದವರು ಚೆನ್ನಾಗಿ ಯೋಚಿಸಿದ್ದಾರೆ. ನಾರ್ವೆಯಲ್ಲಿ ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ನಾಯಿಗಳನ್ನು ಹಗ್ಗದಲ್ಲೇ ಹಿಡಿದಿರಬೇಕು. ಇಂಗ್ಲೆಂಡಿನಲ್ಲಿ ಜನ ಮುಕ್ತವಾಗಿ ತಿರುಗಾಡಬಹುದಾದ ಗುಡ್ಡ, ಹುಲ್ಲುಗಾವಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರಿಗಿಂತ ಉದ್ದದ ಹಗ್ಗ ಕೂಡದು. ಹಕ್ಕಿ ಮೊಟ್ಟೆಯಿಡುವ ಕಾಲವೇ ಅಲ್ಲಿನ ಲೆಕ್ಕ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದವರು ಇನ್ನೂ ಬಿಗಿ: ಹೆಚ್ಚಿನ ಕಾಲುದಾರಿಗಳಿಗೆ ನಾಯಿ ಬರುವಂತೆಯೇ ಇಲ್ಲ.

ಕಾಡು ಯಾರ ಮನೆ?

ನಮ್ಮಲ್ಲಿಯೂ ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳೊಳಗೆ ಸಾಕುನಾಯಿಗೆ ಪ್ರವೇಶವಿಲ್ಲ. ಚಾರಣಿಗರ ಮೆಚ್ಚಿನ ಕುದುರೆಮುಖ, ಪುಷ್ಪಗಿರಿ ವನ್ಯಜೀವಿಧಾಮದಲ್ಲಿರುವ ಕುಮಾರ ಪರ್ವತ, ಮೂಕಾಂಬಿಕಾ ವನ್ಯಜೀವಿಧಾಮದ ಕೊಡಚಾದ್ರಿ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಈ ನಿಯಮ ನನಗೆ ಪೂರ್ತಿ ಒಪ್ಪಿಗೆ. ‘ನಮ್ಮ ನಾಯಿ ಮನೆ ಮಗುವಿನ ಹಾಗೆ’ ಎಂದು ಕೊರಗುವವರ ಮೇಲೆ ನನಗೆ ಪ್ರೀತಿಯಿದೆ. ಆದರೆ ಅಲ್ಲಿ ಮನೆ ಮಕ್ಕಳು ಬೇರೆಯೇ ಇದ್ದಾರೆ.

ಅದರಲ್ಲಿ ನಾಯಿಯ ಜಾತಿಯ ಬಂಧುವೂ ಒಂದಿದೆ: ಕೆನ್ನಾಯಿ. ಸೀಳುನಾಯಿ ಎಂದೂ ಕರೆಯುತ್ತೇವೆ. ಕೆಂಗಂದು ಮೈ, ಕಪ್ಪು ಪೊದೆಬಾಲ. ಊರನಾಯಿಯಂತೆ ಬೊಗಳುವುದಿಲ್ಲ, ಸಿಳ್ಳೆ ಹಾಕಿ ಗುಂಪನ್ನು ಕರೆಯುತ್ತದೆ. ಬಂಡೀಪುರ, ನಾಗರಹೊಳೆಗಳಲ್ಲಿ ಅದೃಷ್ಟವಿದ್ದವರಿಗೆ ಕಾಣುತ್ತವೆ. ಪ್ರಪಂಚದಲ್ಲಿ ಅಳಿವಿನಂಚಿಗೆ ಬಂದಿರುವ ಪ್ರಾಣಿ ಇದು. ನಮ್ಮ ನಾಯಿಗಳಿಗೆ ಬರುವ ರೇಬಿಸ್, ಡಿಸ್ಟೆಂಪರ್ ರೋಗಗಳು ಇವಕ್ಕೂ ಬರುತ್ತವೆ. ಇವನ್ನು ಹಿಡಿದು ಲಸಿಕೆ ಹಾಕಿಸುವವರು ಯಾರು?

ಡಿಸ್ಟೆಂಪರ್ ಎಂದರೆ ಸಣ್ಣ ರೋಗವಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳು ಇದರಿಂದ ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿಯೂ ಅದೇ ರೋಗವಿತ್ತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಪರೀಕ್ಷೆಯಲ್ಲಿ ಕೆಲವುಗಳಲ್ಲಿ ಇದೇ ವೈರಸ್ ಸಿಕ್ಕಿತು.

ಇನ್ನು ನಮ್ಮ ಕಾಲಬುಡದ ದೇವರಾಯನದುರ್ಗಕ್ಕೆ ಬನ್ನಿ. ನರಸಿಂಹಸ್ವಾಮಿ ದರ್ಶನಕ್ಕೆ ಹೋಗುವ ಎಲ್ಲರಿಗೂ ಗೊತ್ತಿರುವ ಬೆಟ್ಟ. ಸುತ್ತಲಿನ ಕಾಡಿನಲ್ಲಿ ಚಿರತೆ, ಕರಡಿ ಎರಡೂ ಇವೆ. ಚಿರತೆಗೆ ನಾಯಿಯೆಂದರೆ ಸುಲಭದ ಊಟ. ಕರಡಿಯ ವಿಷಯ ಬೇರೆ. ಮರಿಯಿರುವ ಕರಡಿಯನ್ನು ಹಗ್ಗವಿಲ್ಲದ ನಾಯಿ ಕೆಣಕುತ್ತದೆ, ಅದು ತಿರುಗಿಬಿದ್ದ ಕೂಡಲೇ ನಾಯಿ ಓಡುತ್ತದೆ. ಎಲ್ಲಿಗೆ? ತನ್ನ ಯಜಮಾನನ ಬಳಿಗೆ. ಹಿಂದೆಯೇ ಕರಡಿ. ಆನೆಯಿರುವ ಕಾಡಿನಲ್ಲೂ ಇದೇ ಅಪಾಯ.

ಕಳೆದ ಮಳೆಗಾಲದಲ್ಲಿ ಅಲ್ಲಿನ ಕೆಸರು ದಾರಿಯಲ್ಲಿ ಮಕ್ಕಳಿಗೆ ಹೆಜ್ಜೆಗುರುತು ಓದುವುದನ್ನು ಹೇಳಿಕೊಟ್ಟೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕೆಗಳು ಕಾಣುತ್ತವೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ, ಹಾಗಾಗಿ ಅದರ ಹೆಜ್ಜೆ ದುಂಡಗೆ, ನುಣ್ಣಗೆ ಇರುತ್ತದೆ. ಹತ್ತು ಹೆಜ್ಜೆ ದೂರದೊಳಗೆ ಎರಡೂ ಸಿಕ್ಕಿದವು. ಆಮೇಲೆ ದಾರಿಯುದ್ದಕ್ಕೂ ಯಾರೂ ಗಲಾಟೆ ಮಾಡಲಿಲ್ಲ ಅನ್ನುವುದು ಬೇರೆ ಮಾತು.

‘ಏನೂ ಮಾಡಲ್ಲ’

ಸರಿ, ಕಾಡಿಲ್ಲದ ಬೋಳುಬೆಟ್ಟಕ್ಕೆ? ಅಲ್ಲಿ ಪ್ರಶ್ನೆ ಮನುಷ್ಯರದ್ದು. ಶಿವಗಂಗೆಯ ಬೆಟ್ಟ ಹತ್ತಿದವರಿಗೆ ಗೊತ್ತು, ಮೇಲ್ಭಾಗದಲ್ಲಿ ಬಂಡೆ ಕಡಿದ ಕಡಿದಾದ ಮೆಟ್ಟಿಲು, ಹಿಡಿಯಲು ಕಬ್ಬಿಣದ ಕಂಬಿ. ಮೇಲೆ ಹೋಗುವವರು, ಇಳಿಯುವವರು ಮೈಗೆ ಮೈ ತಾಗಿಸಿಕೊಂಡೇ ದಾಟಬೇಕು. ಪಕ್ಕದಲ್ಲಿ ಕೋತಿಗಳ ದಂಡು. ಅಲ್ಲೊಂದು ನಾಯಿ ಕೋತಿಯನ್ನು ಕಂಡು ಜಗ್ಗಿದರೆ ಬೀಳುವುದು ನಾಯಿಯೂ ಅಲ್ಲ, ಕೋತಿಯೂ ಅಲ್ಲ.

ನಾಯಿ ಸಾಕಿದವರೆಲ್ಲರ ಬಾಯಲ್ಲೂ ಒಂದೇ ಮಾತು: ‘ಅದು ಏನೂ ಮಾಡಲ್ಲ.’ ಅವರ ಮಟ್ಟಿಗೆ ಅದು ನಿಜ. ಎದುರಿಗೆ ನಿಂತವರಿಗೆ ಅದು ಗೊತ್ತಾಗುವುದು ಹೇಗೆ? ನಮ್ಮ ಅಜ್ಜಿಗೆ ಎಂಟನೇ ವಯಸ್ಸಿನಲ್ಲಿ ನಾಯಿ ಕಚ್ಚಿತ್ತು. ಆ ಕಾಲದಲ್ಲಿ ಹೊಕ್ಕಳ ಸುತ್ತ 14 ಚುಚ್ಚುಮದ್ದು. ದಿನಾ ಬೆಳಿಗ್ಗೆ ಅಪ್ಪನ ಹೆಗಲ ಮೇಲೆ ಅಳುತ್ತಾ ಆಸ್ಪತ್ರೆಗೆ ಹೋಗಿದ್ದನ್ನು ಅವರು ಮಕ್ಕಳಿಗೆ ಹೇಳಿದಾಗ, ಕುಣಿಯುತ್ತಿದ್ದವರೆಲ್ಲ ತೆಪ್ಪಗಾದರು. ಈಗ ತೋಳಿಗೆ ನಾಲ್ಕೈದು ಚುಚ್ಚುಮದ್ದು, ಅಷ್ಟೇ. ಆದರೆ ತಪ್ಪಿಸುವಂತಿಲ್ಲ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೈತಾರೆ ಎಂದು ಮನೆಯಲ್ಲಿ ಹೇಳದೆ ಮುಚ್ಚಿಡಬೇಡಿ.

ಹೆದರುವವರು ದಾರಿ ಬಿಡಬೇಕೋ, ನಾಯಿ ತಂದವರು ದಾರಿ ಬಿಡಬೇಕೋ? ನನ್ನ ಉತ್ತರ: ತಂದವರೇ. ಎದುರಿಗೆ ಜನ ಕಂಡ ಕೂಡಲೇ ಹಗ್ಗ ಗಿಡ್ಡ ಮಾಡಿ, ದಾರಿಯ ಒಂದು ಬದಿಗೆ ನಿಂತು, ನಾಯಿಯನ್ನು ತಮ್ಮ ಆಚೆ ಮಗ್ಗುಲಿಗೆ ಕೂರಿಸಿಕೊಳ್ಳಬೇಕು. ಎದುರಿಗೆ ಬರುವ ಮಕ್ಕಳೂ ಓಡಬಾರದು. ಓಡಿದರೆ ಆಟವೆಂದೇ ನಾಯಿ ಬೆನ್ನು ಹತ್ತುತ್ತದೆ.

ಇನ್ನು ಚುಕ್ಕಿಯ ಸುಖವನ್ನೂ ನೋಡಬೇಕಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ತೇಕುವುದೇ ಅದರ ಫ್ಯಾನು. ಮಧುಗಿರಿಯಂಥ ಬರೀ ಬಂಡೆಯ ಬೆಟ್ಟ ಹತ್ತು ಗಂಟೆಯ ಬಿಸಿಲಿಗೇ ಕಾವಲಿಯಾಗುತ್ತದೆ. ನಮಗೆ ಬೂಟು ಇದೆ, ಅದಕ್ಕೆ ಬರಿಗಾಲು. ನಿಮ್ಮ ಅಂಗೈಯನ್ನು ಬಂಡೆಯ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು. ಹಿಮದ ನಾಡಿನ ಹಸ್ಕಿ ನಾಯಿಯನ್ನು ಏಪ್ರಿಲ್ ಬಿಸಿಲಿನಲ್ಲಿ ಬೆಟ್ಟ ಹತ್ತಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹೀಗೆ ಎರಡು ಭಾನುವಾರ ಮಾತಾಡಿ ಪಂಚಾಯಿತಿ ಮುಗಿಯಿತು. ದೇವರಾಯನದುರ್ಗ, ಶಿವಗಂಗೆಗಳಿಗೆ ಚುಕ್ಕಿ ಇಲ್ಲ. ಕೆರೆ ಏರಿಗೂ ಊರ ಪಕ್ಕದ ಬೋಳುಗುಡ್ಡಕ್ಕೂ ಬರಬಹುದು. ಹಗ್ಗ, ನೀರಿನ ಬಟ್ಟಲು, ಅದರ ಕಕ್ಕ ಎತ್ತಲು ಚೀಲ ಬೇಕು, ರೇಬಿಸ್ ಲಸಿಕೆಯ ಚೀಟಿ ಮೊದಲೇ ತೋರಿಸಬೇಕು. ಅಜ್ಜಿ ತಮ್ಮದೊಂದು ಷರತ್ತು ಸೇರಿಸಿದರು: ಅವರು ಸಾಲಿನ ಮುಂದೆ, ಚುಕ್ಕಿ ಸಾಲಿನ ಕೊನೆಯಲ್ಲಿ. ಹುಡುಗನಿಗೆ ಅರ್ಧ ಸಂತೋಷ, ಅಜ್ಜಿಗೂ ಅರ್ಧ ಸಂತೋಷ.

ಕರೆಯದೆ ಬರುವ ನಾಯಿ

ನಾವು ಕರೆದುಕೊಂಡು ಹೋಗದಿದ್ದರೂ ಹಿಂದೆ ಬರುವ ನಾಯಿಗಳ ಕಥೆ ಇದಕ್ಕಿಂತ ಕಷ್ಟದ್ದು. ಬೆಟ್ಟದ ಬುಡದ ಹಳ್ಳಿಗಳಲ್ಲಿ ಟೀ ಅಂಗಡಿಯ ಮುಂದೆ ಮಲಗಿರುತ್ತವಲ್ಲ, ಅವು. ಯಾರೋ ಒಂದು ಬಿಸ್ಕತ್ತು ಎಸೆಯುತ್ತಾರೆ. ಸಾಕು, ತುದಿಯವರೆಗೂ ಜೊತೆ. ಫೋಟೊ ತೆಗೆಸಿಕೊಳ್ಳುವುದಕ್ಕೆ ಚೆನ್ನಾಗಿಯೇ ಇರುತ್ತದೆ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಬಂದದ್ದೂ ಇಂಥದ್ದೇ ನಾಯಿ. ಅವನು ಕರೆದಿರಲಿಲ್ಲ, ಅದೇ ಬಂತು. ದ್ರೌಪದಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರೂ ಅದು ಬಿಡಲಿಲ್ಲ. ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು ಎಂದಾಗ, ಬಿಟ್ಟು ಬರಲಾರೆ ಎಂದ ಧರ್ಮರಾಯ. ಆ ನಾಯಿ ಯಮಧರ್ಮನೇ ಎಂದು ಆಮೇಲೆ ಗೊತ್ತಾಯಿತು, ಅಜ್ಜಿಯರು ಈ ಕಥೆಯನ್ನು ಚೆನ್ನಾಗಿ ಹೇಳಬಲ್ಲರು. ನಾವು ಮಾಡುವುದೇನು? ಬುಡದಲ್ಲಿ ಬಿಸ್ಕತ್ತು ಕೊಟ್ಟು ಕರೆದು, ತುದಿಯಲ್ಲಿ ಮರೆತುಬಿಡುತ್ತೇವೆ. ಕುಮಾರ ಪರ್ವತವನ್ನೇ ನೋಡಿ. ಕುಕ್ಕೆಯ ಕಡೆಯಿಂದ ಹತ್ತಿ, ಸೋಮವಾರಪೇಟೆಯ ಕಡೆ ಇಳಿದು ಬಸ್ಸು ಹತ್ತುವವರಿದ್ದಾರೆ. ಅಂಥವರ ಹಿಂದೆ ಹೋದ ಕುಕ್ಕೆಯ ನಾಯಿ ಆ ಕಡೆಯ ಊರಿನಲ್ಲಿ ಏನು ಮಾಡಬೇಕು? ನಾಯಿಗಳಿಗೆ ಬೀದಿ ಬೀದಿಗೂ ಗಡಿಯಿದೆ. ಅಲ್ಲಿಯ ನಾಯಿಗಳು ಅದನ್ನು ಸುಮ್ಮನೆ ಬಿಡುವುದಿಲ್ಲ. ವಾಪಸು ಒಂಟಿಯಾಗಿ ಹೊರಟರೆ ದಾರಿಯಲ್ಲಿ ಕಾಡು, ರಾತ್ರಿ, ಚಿರತೆ.

ಅದಕ್ಕೆ ನಮ್ಮ ಮಕ್ಕಳು ಒಂದು ಉಪಾಯ ಮಾಡಿಕೊಂಡಿದ್ದಾರೆ. ಹತ್ತುವಾಗ ಯಾರೂ ತಿಂಡಿಯ ಪೊಟ್ಟಣ ಬಿಚ್ಚುವುದಿಲ್ಲ. ನಾಯಿ ಕೊನೆಯ ಮನೆ ದಾಟಿಯೂ ಹಿಂದೆ ಬಂದರೆ ಎಲ್ಲರೂ ಕೂತುಬಿಡುತ್ತಾರೆ. ಮಾತಿಲ್ಲ, ಮುದ್ದಿಲ್ಲ, ಅದರ ಕಡೆ ನೋಡುವುದೂ ಇಲ್ಲ. ಐದು ಹತ್ತು ನಿಮಿಷಕ್ಕೆ ಬೇಸರವಾಗಿ ಹೆಚ್ಚಿನವು ಟೀ ಅಂಗಡಿಗೆ ಹಿಂತಿರುಗುತ್ತವೆ. ಕಲ್ಲು ಹೊಡೆದು ಓಡಿಸುವುದು ಬೇಡ. ಏನಾದರೂ ಕೊಡಲೇಬೇಕೆನಿಸಿದರೆ ಇಳಿದು ಬಂದ ಮೇಲೆ, ಅದರ ಊರಿನಲ್ಲೇ, ಉಳಿದ ಚಪಾತಿ ಕೊಡಿ. ಚಾಕೊಲೇಟು, ದ್ರಾಕ್ಷಿ ಮಾತ್ರ ಹಾಕಬೇಡಿ, ಅವು ನಾಯಿಗೆ ವಿಷ.