ಪಾನಗೃಹದ ಮಹಡಿಯ ಮೇಲಣ ಗಾನಸಭೆ

ಉತ್ತರ ಇಂಗ್ಲೆಂಡಿನಲ್ಲಿ, ಒಂದು ಕಾಲಕ್ಕೆ ಉಣ್ಣೆಯ ಗಿರಣಿಗಳಿಂದ ಲೋಕಪ್ರಸಿದ್ಧವಾಗಿದ್ದ ಬ್ರಾಡ್‌ಫರ್ಡ್ ನಗರದಲ್ಲಿ, 1956ನೆಯ ಇಸವಿಯಲ್ಲಿ ‘ಟಾಪಿಕ್’ ಎಂಬ ಹೆಸರಿನ ಒಂದು ಫೋಕ್ ಕ್ಲಬ್, ಎಂದರೆ ಜನಪದಗಾನದ ಸಂಘ, ಸ್ಥಾಪಿತವಾಯಿತು. ಸ್ವಂತ ಕಟ್ಟಡವಾಗಲಿ, ರಾಜಾಶ್ರಯವಾಗಲಿ, ಸಂಬಳ ಪಡೆಯುವ ಗುಮಾಸ್ತನಾಗಲಿ ಇಲ್ಲದೆ, ಒಂದು ಪಬ್ಬಿನಿಂದ ಮತ್ತೊಂದು ಪಬ್ಬಿಗೆ ತನ್ನ ಬಿಡಾರವನ್ನು ಬದಲಾಯಿಸುತ್ತ, ಈ ಸಂಘವು ಅರುವತ್ತು ವರ್ಷಗಳಿಗೂ ಮೀರಿದ ಆಯುಷ್ಯವನ್ನು ಪಡೆದುಕೊಂಡು, ಜಗತ್ತಿನ ಫೋಕ್ ಕ್ಲಬ್ಬುಗಳಲ್ಲೆಲ್ಲ ಅತ್ಯಂತ ದೀರ್ಘಕಾಲ ನಡೆದುಬಂದದ್ದು ತಾನೇ ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಆ ನಗರದ ಹೆಸರನ್ನು ಬೆಳಗಿದ ಗಿರಣಿಗಳಲ್ಲಿ ಬಹುಪಾಲು ಈ ಅವಧಿಯಲ್ಲಿ ಬಾಗಿಲು ಮುಚ್ಚಿದುವು. ನಾಲ್ಕಾರು ಮಂದಿಯ ಪ್ರೀತಿಯ ಹೊರತು ಬೇರೆ ಬಂಡವಾಳವಿಲ್ಲದ ಹಾಡಿನ ಸಭೆ ಮಾತ್ರ ಉಳಿಯಿತು. ಹೇಗೆ ಉಳಿಯಿತೆಂಬುದನ್ನು ವಿಚಾರಿಸುವುದು ಸಂಗೀತಪ್ರಿಯರಿಗೆ ಮಾತ್ರವಲ್ಲ, ಯಾವುದೇ ಊರಿನಲ್ಲಿ ನಾಲ್ಕು ಜನರನ್ನು ಕೂಡಿಸಿ ಒಂದು ಒಳ್ಳೆಯ ಕೆಲಸವನ್ನು ನಡೆಸಬೇಕೆಂದು ಹಂಬಲಿಸುವ ಎಲ್ಲರಿಗೂ ಪ್ರಯೋಜನಕರವೆಂದು ನನ್ನ ನಂಬಿಕೆ.

ಇಂಥ ಸಭೆಯ ಸ್ವರೂಪವನ್ನು ಕಂಡರಿಯದವರಿಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಗೊತ್ತಾದ ದಿನದ ರಾತ್ರಿ ಎಂಟು ಗಂಟೆಯ ಸುಮಾರಿಗೆ, ಪಬ್ಬಿನ ಹಿಂದಣ ಕೋಣೆಯಲ್ಲೋ ಮಹಡಿಯ ಮೇಲಣ ಕೋಣೆಯಲ್ಲೋ ಮೂವತ್ತು ನಲವತ್ತು ಕುರ್ಚಿಗಳನ್ನು ಹಾಕಿರುತ್ತಾರೆ. ಬಾಗಿಲ ಬಳಿ ಒಂದು ಪುಟ್ಟ ಮೇಜು. ಅದರ ಮೇಲೆ ಹಣದ ಡಬ್ಬಿ, ಹಾಡಲಿಚ್ಛಿಸುವವರ ಹೆಸರನ್ನು ಬರೆದುಕೊಳ್ಳಲು ಒಂದು ಹಾಳೆ. ಎತ್ತರದ ವೇದಿಕೆಯಿಲ್ಲ, ಅನೇಕ ಕಡೆಗಳಲ್ಲಿ ಧ್ವನಿವರ್ಧಕವೂ ಇಲ್ಲ. ಮೊದಲು ಸಂಘದ ಕಾಯಂ ಗಾಯಕರು ಒಂದೆರಡು ಹಾಡುಗಳಿಂದ ಸಭೆಯ ಕಂಠವನ್ನು ಹದಗೊಳಿಸುತ್ತಾರೆ. ತರುವಾಯ, ಸಭಿಕರಲ್ಲಿಯೇ ಹೆಸರು ಕೊಟ್ಟವರು—ಇವರನ್ನು ಫ್ಲೋರ್ ಸಿಂಗರ್‌ಗಳೆಂದು ಕರೆಯುವುದು ವಾಡಿಕೆ—ಒಬ್ಬೊಬ್ಬರಾಗಿ ಎದ್ದುನಿಂತು ಹಾಡುತ್ತಾರೆ: ಒಬ್ಬ ಶಾಲೆಯ ಉಪಾಧ್ಯಾಯ, ಒಬ್ಬಳು ದಾದಿ, ಒಬ್ಬ ನಿವೃತ್ತ ಕಾರ್ಮಿಕ, ಗಿಟಾರನ್ನು ಇತ್ತೀಚೆಗಷ್ಟೇ ಕಲಿತ ಒಬ್ಬ ವಿದ್ಯಾರ್ಥಿ. ಇವರ ತರುವಾಯ ಆ ರಾತ್ರಿಯ ಆಹ್ವಾನಿತ ಅತಿಥಿ. ನಡುವಿನ ವಿರಾಮದಲ್ಲಿ ರಾಫಲ್ ಎಂಬ ಅದೃಷ್ಟದ ಚೀಟಿಗಳ ಮಾರಾಟ, ಆ ಹಣದಿಂದ ಬಾಡಿಗೆಗೂ ಸಂಭಾವನೆಗೂ ಆದ ಕೊರತೆಯ ಭರ್ತಿ; ವಿರಾಮದ ಬಳಿಕ ಮತ್ತೆ ಇದೇ ಕ್ರಮ. ಹಾಡು ನಡೆಯುತ್ತಿರುವಾಗ ಮಾತನಾಡಕೂಡದು, ಪಾನೀಯ ತರಲು ಏಳಕೂಡದು, ತಡವಾಗಿ ಬಂದವನು ಹಾಡು ಮುಗಿಯುವವರೆಗೆ ಬಾಗಿಲ ಹೊರಗೆ ನಿಂತಿರಬೇಕು. ಆದರೆ ಪಲ್ಲವಿ ಬಂದೊಡನೆ ಅದೇ ನಿಶ್ಶಬ್ದ ಸಭೆಯು ಒಕ್ಕೊರಲಿನಿಂದ, ಕೆಲವರು ಮೇಲಿನ ಸ್ವರದಲ್ಲಿ ಕೆಲವರು ಕೆಳಗಿನ ಸ್ವರದಲ್ಲಿ, ಯಾರೂ ಕಲಿಸದೆ ತಾನಾಗಿ ಹೊಂದಿಕೊಂಡ ಶ್ರುತಿಮೇಳದಲ್ಲಿ ಹಾಡತೊಡಗುತ್ತದೆ. ನಮ್ಮ ಹಳ್ಳಿಗಳ ಭಜನೆಯ ಮನೆಯಲ್ಲಿ, ಹೇಳಿಕೊಡುವವನೂ ಅವನ ಹಿಂದೆ ಹೇಳುವವರೂ ಒಂದೇ ಚಾಪೆಯ ಮೇಲೆ ಕುಳಿತಿರುವುದನ್ನು ಬಲ್ಲವರಿಗೆ ಇದರ ಸೊಗಸು ಬೇಗನೆ ಅರ್ಥವಾದೀತು.

ಇಷ್ಟೆಲ್ಲವೂ ತಾನಾಗಿ ನಡೆಯುವಂತೆ ತೋರುವುದು ಅದನ್ನು ನಡೆಸುವವರ ಜಾಣ್ಮೆಯಿಂದ. ಸಂಘಟಕನ ಕೆಲಸವು ಒಂದು ಕುಶಲವಿದ್ಯೆಯೇ ಸರಿ, ಮತ್ತು ಅದಕ್ಕೆ ದೊರೆಯಬೇಕಾದ ಗೌರವ ದೊರೆತಿಲ್ಲ. ಅವನು ತಿಂಗಳುಗಳ ಮುಂಚೆಯೇ ಅತಿಥಿಯೊಡನೆ ದಿನವನ್ನೂ ಸಂಭಾವನೆಯನ್ನೂ ನಿಷ್ಕರ್ಷೆ ಮಾಡಿಕೊಳ್ಳಬೇಕು. ನಿಗದಿಯಾದ ಮೊತ್ತವನ್ನು ಕೊಡುವುದೋ, ಬಾಗಿಲಲ್ಲಿ ಬಂದ ಹಣದಲ್ಲಿ ಪಾಲು ಕೊಡುವುದೋ ಎಂಬುದನ್ನು ಮುಂಚಿತವಾಗಿಯೇ ಇತ್ಯರ್ಥಗೊಳಿಸಬೇಕು. ಹೋಟೆಲಿನ ಖರ್ಚನ್ನು ಭರಿಸಲಾಗದ ಕಾರಣ ಎಷ್ಟೋ ವೇಳೆ ಅತಿಥಿಗೆ ತನ್ನ ಮನೆಯಲ್ಲಿಯೇ ಹಾಸಿಗೆ ಹಾಸಿ, ಬೆಳಗಿನ ಉಪಾಹಾರ ಕೊಟ್ಟು ಕಳುಹಿಸಬೇಕು. ಪಬ್ಬಿನ ಮಾಲೀಕನು ಕೋಣೆಯನ್ನು ಬಿಟ್ಟುಕೊಡುವುದು ಪಾನೀಯಗಳ ವ್ಯಾಪಾರವನ್ನು ನೆಚ್ಚಿಕೊಂಡು. ಸಭಿಕರೋ ಹಾಡಿನ ಮೋಹದಲ್ಲಿ ಒಂದೇ ಲೋಟವನ್ನು ಎರಡು ಗಂಟೆ ಹಿಡಿದು ಕೂರುವವರು. ಈ ಎರಡರ ನಡುವೆ ಸೌಹಾರ್ದವನ್ನು ಕಾಪಾಡಬೇಕಾದವನೂ ಸಂಘಟಕನೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಹಾಡುವವರ ಸರದಿಯನ್ನು ಗೊತ್ತುಮಾಡುವ ಕೆಲಸ. ಮೊದಲ ಬಾರಿಗೆ ಹಾಡಲೆದ್ದವನನ್ನು ಪಳಗಿದ ಗಾಯಕನ ಬೆನ್ನಿಗೇ ನಿಲ್ಲಿಸಿದರೆ ಅವನು ಕುಗ್ಗಿಹೋಗುತ್ತಾನೆ. ಎಲ್ಲರೂ ಸೇರಿ ಹಾಡಿದ ಗಟ್ಟಿಯಾದೊಂದು ಪಲ್ಲವಿಯ ಬಳಿಕ ಎಬ್ಬಿಸಿದರೆ ಆ ಬಿಸಿಯಲ್ಲಿ ಅವನ ಅಳುಕು ಕರಗುತ್ತದೆ. ದೀರ್ಘವಾದ ಎರಡು ಶೋಕಗೀತೆಗಳನ್ನು ಒಂದರ ಪಕ್ಕದಲ್ಲೊಂದು ಇಡಬಾರದು. ನಡುವೆ ಸಾಲು ಮರೆತು ನಿಂತವನಿಗೆ ಸಭೆಯಿಂದಲೇ ಯಾರೋ ಮೆಲ್ಲನೆ ಮುಂದಿನ ಮಾತನ್ನು ಎತ್ತಿಕೊಡುತ್ತಾರೆ; ಆ ಸಹೃದಯತೆಯು ಸಭೆಯ ಅಭ್ಯಾಸವಾಗುವಂತೆ ವರ್ಷಗಟ್ಟಲೆ ನಡೆದುಕೊಳ್ಳುವುದು ಸಂಘಟಕನ ಹೊಣೆ. ದೊಡ್ಡ ಸಭಾಂಗಣಗಳು ಸಿದ್ಧರಾದ ಕಲಾವಿದರನ್ನು ಮೆರೆಸಬಲ್ಲವೇ ಹೊರತು ಕಲಾವಿದರನ್ನು ಸಿದ್ಧಗೊಳಿಸಲಾರವು. ಆ ಕೆಲಸ ಇಂಥ ಕೋಣೆಗಳದು. ಅಮೆರಿಕದ ಗಾಯಕ ಪಾಲ್ ಸೈಮನ್ 1964–65ರ ಸುಮಾರಿನಲ್ಲಿ, ಇನ್ನೂ ಹೆಸರು ಮಾಡದಿದ್ದ ಯುವಕನಾಗಿ, ಗಿಟಾರನ್ನು ಹೆಗಲಿಗೇರಿಸಿಕೊಂಡು ಇಂಗ್ಲೆಂಡಿನ ಕ್ಲಬ್ಬಿನಿಂದ ಕ್ಲಬ್ಬಿಗೆ ರೈಲಿನಲ್ಲಿ ಅಲೆದವನು. ‘ಸ್ಕಾರ್‌ಬರೊ ಫೇರ್’ ಎಂಬ ಹಳೆಯ ಹಾಡನ್ನು ಅವನು ಲಂಡನ್ನಿನಲ್ಲಿ ಜನಪದ ಗಾಯಕ ಮಾರ್ಟಿನ್ ಕಾರ್ತಿಯವರ ಬಾಯಿಂದ ಕೇಳಿ ಕಲಿತನು. 1966ರಲ್ಲಿ ಅದು ಧ್ವನಿಮುದ್ರಿತವಾಗಿ ಜಗತ್ತನ್ನೆಲ್ಲ ಸುತ್ತಿಬಂದಿತು.

ಈ ಕ್ಲಬ್ಬುಗಳ ಹುಟ್ಟಿನ ಕಥೆಯೂ ಕುತೂಹಲಕರವಾದದ್ದು. 1956ರ ಆರಂಭದಲ್ಲಿ ಲಾನಿ ಡಾನಗನ್ ಹಾಡಿದ ‘ರಾಕ್ ಐಲೆಂಡ್ ಲೈನ್’ ಎಂಬ ಅಮೆರಿಕದ ರೈಲುಹಾಡು ಬ್ರಿಟನ್ನಿನ ತರುಣರನ್ನು ಮರುಳುಗೊಳಿಸಿತು. ಅಗ್ಗದ ಗಿಟಾರೊಂದು, ಬಟ್ಟೆ ಉಜ್ಜುವ ತಗಡಿನ ಹಲಗೆಯೊಂದು, ಚಹದ ಪೆಟ್ಟಿಗೆಗೆ ಕೋಲು ನೆಟ್ಟು ತಂತಿ ಬಿಗಿದ ವಾದ್ಯವೊಂದು ದೊರೆತರೆ ಸಾಕು, ನಾಲ್ವರು ಹುಡುಗರು ವಾದ್ಯಗೋಷ್ಠಿಯಾಗುತ್ತಿದ್ದರು. ಸ್ಕಿಫಲ್ ಎಂಬ ಆ ಹುಚ್ಚು ಎರಡು ಮೂರು ವರ್ಷಗಳಲ್ಲಿ ಇಳಿಯಿತು. ಆದರೆ ಹಾಡುವ ಚಟ ಹತ್ತಿದ ತರುಣರೂ ಅವರು ಕೂಡುತ್ತಿದ್ದ ಕೋಣೆಗಳೂ ಉಳಿದುಕೊಂಡುವು. ಆ ಸಮಯದಲ್ಲಿ, 1915ರಲ್ಲಿ ಸಾಲ್ಫರ್ಡಿನಲ್ಲಿ ಹುಟ್ಟಿದ ಕಾರ್ಮಿಕವರ್ಗದ ಕವಿ-ಗಾಯಕ ಯೂಅನ್ ಮಕಾಲ್ ಅವರು ಲಂಡನ್ನಿನ ತಮ್ಮ ಕ್ಲಬ್ಬಿನಲ್ಲಿ ಒಂದು ಕಟ್ಟಳೆಯನ್ನು ತಂದರು: ವೇದಿಕೆಯಿಂದ ಹಾಡುವವನು ತಾನು ಹುಟ್ಟಿ ಬೆಳೆದ ಸೀಮೆಯ, ತನ್ನ ಸ್ವಂತ ಭಾಷೆಯ ಹಾಡನ್ನೇ ಹಾಡತಕ್ಕದ್ದು. ಲಂಡನ್ನಿನ ಹುಡುಗನು ಮಿಸಿಸಿಪ್ಪಿಯ ಉಚ್ಚಾರಣೆಯನ್ನು ಅನುಕರಿಸಕೂಡದು. ಈ ನಿಯಮದ ಕಠೋರತೆಯನ್ನು ಅನೇಕರು ಆಗಲೂ ಆಮೇಲೂ ಖಂಡಿಸಿದ್ದಾರೆ. ಕಲೆಗೆ ಗಡಿ ಹಾಕುವುದು ಸರಿಯಲ್ಲವೆಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಅದರಿಂದಾದ ಉಪಕಾರ ದೊಡ್ಡದು. ಏಕೆಂದರೆ ಹೊರಗಿನ ಹಾಡಿಗೆ ಬಾಗಿಲು ಮುಚ್ಚಿದ ಮೇಲೆ ತರುಣರು ಅನಿವಾರ್ಯವಾಗಿ ತಮ್ಮ ತಮ್ಮ ಊರಿನ ಮುದುಕರ ಬಳಿಗೆ ಹೋಗಬೇಕಾಯಿತು.

ಹೀಗೆ ಊರಿನ ಕಡೆಗೆ ತಿರುಗಿದವರಲ್ಲಿ ಹಲ್ ಎಂಬ ಬಂದರುಪಟ್ಟಣದ ವಾಟರ್‌ಸನ್ ಒಡಹುಟ್ಟಿದವರನ್ನು ವಿಶೇಷವಾಗಿ ಸ್ಮರಿಸಬೇಕು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ನಾರ್ಮಾ, ಮೈಕ್ ಮತ್ತು ಲಾಲ್, ಬಂಧುವಾದ ಜಾನ್ ಹ್ಯಾರಿಸನ್ನರೊಡನೆ ಕೂಡಿ, ಸ್ಕಿಫಲ್ಲಿನಿಂದ ತೊಡಗಿ ಕ್ರಮೇಣ ವಾದ್ಯಗಳನ್ನು ಕೆಳಗಿಟ್ಟು ಬರಿಯ ಕಂಠಗಳಿಂದ ಹಾಡತೊಡಗಿದರು. ತಮ್ಮ ಊರಿನಲ್ಲಿ ತಾವೇ ಒಂದು ಕ್ಲಬ್ಬನ್ನು ನಡೆಸಿದರು. 1965ರಲ್ಲಿ ಹೊರಬಂದ ಅವರ ‘ಫ್ರಾಸ್ಟ್ ಅಂಡ್ ಫೈರ್’ ಎಂಬ ಧ್ವನಿಮುದ್ರಿಕೆಯು ವರ್ಷದ ಋತುಚಕ್ರವನ್ನನುಸರಿಸಿ ಇಂಗ್ಲೆಂಡಿನ ಆಚರಣೆಯ ಹಾಡುಗಳನ್ನು ಪೋಣಿಸಿದ ಮಾಲೆ. ವಸಂತಕ್ಕೊಂದು, ಸುಗ್ಗಿಗೊಂದು, ಮೃತರ ಆತ್ಮಗಳ ದಿನಕ್ಕೊಂದು, ಚಳಿಗಾಲದ ನಡುವಿಗೊಂದು. ಪಬ್ಬಿನ ಕೋಣೆಯ ಹಾಡಿಗೂ ಊರೂರಿನ ವಿಚಿತ್ರ ಪದ್ಧತಿಗಳಿಗೂ ಇರುವ ರಕ್ತಸಂಬಂಧವನ್ನು ಅದು ಕಿವಿಗೆ ಗೋಚರವಾಗುವಂತೆ ಮಾಡಿತು.

ಆ ಪದ್ಧತಿಗಳೋ ಒಂದಕ್ಕಿಂತ ಒಂದು ವಿಲಕ್ಷಣವಾದುವು. ಸ್ಟ್ಯಾಫರ್ಡ್‌ಷೈರಿನ ಆ್ಯಬಟ್ಸ್ ಬ್ರಾಮ್ಲಿ ಎಂಬ ಹಳ್ಳಿಯಲ್ಲಿ, ಸೆಪ್ಟೆಂಬರ್ ತಿಂಗಳ ಮೊದಲ ಭಾಗದ ಒಂದು ಸೋಮವಾರ, ಆರು ಮಂದಿ ಗಂಡಸರು ಹಿಮಸಾರಂಗದ ಆರು ಜೊತೆ ಕೊಂಬುಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ವಾದ್ಯದ ಗತಿಗೆ ಹೆಜ್ಜೆ ಹಾಕುತ್ತ ದಿನವಿಡೀ ಹೊಲಮನೆಗಳನ್ನು ಸುತ್ತುತ್ತಾರೆ. 1976ರಲ್ಲಿ ನಡೆದ ಇಂಗಾಲ ಪರೀಕ್ಷೆಯಿಂದ ಕೊಂಬುಗಳು ಹನ್ನೊಂದನೆಯ ಶತಮಾನದವೆಂದು ತಿಳಿದುಬಂತು. ವರ್ಷದ ಮಿಕ್ಕ ದಿನಗಳಲ್ಲಿ ಅವು ಇರುವುದು ಊರಿನ ಚರ್ಚಿನ ಗೋಡೆಯ ಮೇಲೆ. ಲಿಂಕನ್‌ಷೈರಿನ ಹ್ಯಾಕ್ಸಿಯಲ್ಲಿ ಜನವರಿ 6ರಂದು ತೊಗಲಿನ ಒಂದು ಸುರುಳಿಗಾಗಿ ಊರಿನ ಗಂಡಸರೆಲ್ಲ ಕೆಸರುಗದ್ದೆಯಲ್ಲಿ ಗುಂಪುಗೂಡಿ ನೂಕಾಡುತ್ತಾರೆ. ಅದು ಯಾವ ಪಬ್ಬಿನ ಹೊಸ್ತಿಲನ್ನು ತಲುಪುತ್ತದೋ ಮುಂದಿನ ವರ್ಷದವರೆಗೆ ಆ ಪಬ್ಬಿಗೇ ಸೇರಿದ್ದು.

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದಿರುವುದು ಷೆಫೀಲ್ಡ್ ನಗರದ ಅಂಚಿನ ಹಳ್ಳಿಗಳ ಕ್ರಿಸ್‌ಮಸ್ ಹಾಡುಗಾರಿಕೆ. ಹಿಂದೆ ಅಲ್ಲಿನ ಚರ್ಚುಗಳಲ್ಲಿ ಊರಿನವರೇ ಪಿಟೀಲು ಮೊದಲಾದ ವಾದ್ಯಗಳನ್ನು ಹಿಡಿದು, ಉಲ್ಲಾಸಭರಿತವಾದ ಮಟ್ಟುಗಳಲ್ಲಿ ಹಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ, ಪೂಜೆಗೆ ಇದು ತಕ್ಕದ್ದಲ್ಲವೆಂದು ಬಗೆದ ಸುಧಾರಕರು ಆ ಮೇಳಗಳನ್ನು ಹೊರಗಟ್ಟಿ ಆರ್ಗನ್ನನ್ನು ಸ್ಥಾಪಿಸಿದರು. ಹೊರಬಿದ್ದ ಹಾಡುಗಳು ಸಾಯಲಿಲ್ಲ, ಪಬ್ಬಿನೊಳಕ್ಕೆ ಹೋದುವು. ಇಂದಿಗೂ ನವೆಂಬರ್ 11ರ ತರುವಾಯದ ಭಾನುವಾರದಿಂದ ಡಿಸೆಂಬರ್ 26ರವರೆಗೆ ವರಲ್ ಗ್ರಾಮದ ಬ್ಲೂ ಬಾಲ್, ಡಂಗ್‌ವರ್ತ್ ಗ್ರಾಮದ ರಾಯಲ್ ಹೋಟೆಲ್ ಮೊದಲಾದ ಪಬ್ಬುಗಳಲ್ಲಿ ಕಾಲಿಡಲು ಜಾಗವಿಲ್ಲದಂತೆ ಜನ ನೆರೆದು, ಮುತ್ತಜ್ಜಂದಿರಿಂದ ಬಂದ ಆ ಗೀತೆಗಳನ್ನು ಗಂಡುಹೆಣ್ಣು ಕಂಠಗಳ ಭಾಗಗಳೊಡನೆ ಹಾಡುತ್ತಾರೆ. ಕುರಿಗಾಹಿಗಳಿಗೆ ದೇವದೂತನು ಕಾಣಿಸಿಕೊಂಡುದನ್ನು ವರ್ಣಿಸುವ ಒಂದೇ ಗೀತೆಗೆ ಅಲ್ಲಿ ಬೇರೆ ಬೇರೆ ಹಲವು ಮಟ್ಟುಗಳುಂಟು. ಅವುಗಳಲ್ಲಿ ‘ಕ್ರ್ಯಾನ್‌ಬ್ರೂಕ್’ ಎಂಬುದು ಕ್ಯಾಂಟರ್‌ಬರಿಯ ಥಾಮಸ್ ಕ್ಲಾರ್ಕ್ ಎಂಬ ಪಾದರಕ್ಷೆ ಹೊಲಿಯುವವನು ರಚಿಸಿದ್ದು. ಈ ಹಾಡುಗಳನ್ನು ಇಯನ್ ರಸೆಲ್ ಎಂಬ ವಿದ್ವಾಂಸರು ದಶಕಗಳ ಕಾಲ ಪಬ್ಬಿನಿಂದ ಪಬ್ಬಿಗೆ ಹೋಗಿ ಸಂಗ್ರಹಿಸಿ ಪ್ರಕಟಿಸಿದ್ದಾರೆ.

ಸ್ಥಳೀಯವಾದದ್ದೆಲ್ಲವೂ ಪೂಜ್ಯವೆಂದು ನನ್ನ ಅಭಿಪ್ರಾಯವಲ್ಲ. ಲ್ಯಾಂಕಷೈರಿನ ಬೇಕಪ್ ಪಟ್ಟಣದಲ್ಲಿ ಈಸ್ಟರಿನ ಶನಿವಾರದಂದು ಕೊಕೊನಟರ್ಸ್ ಎಂಬ ನರ್ತಕರು ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ಪದ್ಧತಿಯಿದೆ. 2020ರಲ್ಲಿ ಮಾರಿಸ್ ಎಂಬ ಇಂಗ್ಲೆಂಡಿನ ಜನಪದ ನೃತ್ಯದ ರಾಷ್ಟ್ರೀಯ ಸಂಘಗಳು ಮುಖಕ್ಕೆಲ್ಲ ಕಪ್ಪು ಬಳಿಯುವುದನ್ನು ಕೈಬಿಡಬೇಕೆಂದು ಸೂಚಿಸಿದಾಗ ಹಲವು ತಂಡಗಳು ಬೇರೆ ಬಣ್ಣಗಳನ್ನು ಆಶ್ರಯಿಸಿದುವು, ಬೇಕಪ್ಪಿನವರು ಒಪ್ಪಲಿಲ್ಲ. ಪದ್ಧತಿಯ ಮೂಲ ಏನೇ ಇರಲಿ, ನೆರೆಹೊರೆಯ ಮನುಷ್ಯನಿಗೆ ಅದು ಅವಮಾನವಾಗಿ ತಟ್ಟುವುದಾದರೆ ಬಣ್ಣವನ್ನು ಬದಲಿಸಿ ಕುಣಿತವನ್ನು ಉಳಿಸಿಕೊಂಡವರೇ ಸಂಪ್ರದಾಯಕ್ಕೆ ಹೆಚ್ಚಿನ ಸೇವೆ ಸಲ್ಲಿಸಿದರೆಂದು ನಾನು ತಿಳಿಯುತ್ತೇನೆ.

ಪಬ್ಬುಗಳಲ್ಲಿ ಕೂಡುವ ಪುಟ್ಟ ಗಾನಸಭೆಗಳಿಗೆ ಕಾನೂನಿನಿಂದಲೂ ಸಂಕಟ ಒದಗಿದ್ದುಂಟು. ಬಹುಕಾಲ ಇಂಗ್ಲೆಂಡಿನಲ್ಲಿ, ಇಬ್ಬರಿಗೆ ಮೀರದ ಸಂಗೀತಗಾರರು ಪಬ್ಬಿನಲ್ಲಿ ವಿಶೇಷ ಪರವಾನಗಿಯಿಲ್ಲದೆ ನುಡಿಸಬಹುದೆಂಬ ನಿಯಮವಿತ್ತು. 2003ರ ಲೈಸೆನ್ಸಿಂಗ್ ಶಾಸನವು 2005ರ ನವೆಂಬರಿನಲ್ಲಿ ಜಾರಿಗೆ ಬಂದಾಗ ಆ ರಿಯಾಯಿತಿ ರದ್ದಾಯಿತು. ಮಾರಿಸ್ ನೃತ್ಯಕ್ಕೆ ವಿನಾಯಿತಿ ದೊರೆತರೂ ಮೂಲೆಯಲ್ಲಿ ಕುಳಿತು ಹಾಡುವ ಒಬ್ಬ ಗಾಯಕನಿಗೂ ಮಾಲೀಕನು ಪರವಾನಗಿ ಪಡೆಯಬೇಕಾದ ಸ್ಥಿತಿ ಬಂತು. ಸಂಗೀತಗಾರರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2012ರ ಲೈವ್ ಮ್ಯೂಸಿಕ್ ಶಾಸನವು ಬಂದು, ಬೆಳಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ, ಧ್ವನಿವರ್ಧಕವಿಲ್ಲದ ಹಾಡಿಗೆ ಈ ಬಂಧನವನ್ನು ತೆಗೆದುಹಾಕಿತು. ಧ್ವನಿವರ್ಧಕವಿದ್ದರೆ, ಮದ್ಯದ ಪರವಾನಗಿಯಿರುವ ಸ್ಥಳಗಳಲ್ಲಿ, 200 ಮಂದಿಯ ಸಭೆಯವರೆಗೆ ಅನುಮತಿಸಿತು. ಮುಂದೆ 2015ರಲ್ಲಿ ಈ ಮಿತಿ 500ಕ್ಕೆ ಏರಿತು.

ಈಗ ಕ್ಲಬ್ಬುಗಳ ಸಭಿಕರಲ್ಲಿ ನರೆತ ತಲೆಗಳೇ ಹೆಚ್ಚು, ಮತ್ತು ಕೋಣೆ ಕೊಡುತ್ತಿದ್ದ ಪಬ್ಬುಗಳೇ ಒಂದೊಂದಾಗಿ ಮುಚ್ಚುತ್ತಿವೆ. ಹೊಸಬರು ಬರಬೇಕು, ಹೊಸಬರೆಂದರೆ ಇಂಗ್ಲಿಷರೇ ಆಗಬೇಕೆಂಬ ನಿಯಮವಿಲ್ಲ. ಉದ್ಯೋಗಕ್ಕಾಗಿಯೋ ವಿದ್ಯಾಭ್ಯಾಸಕ್ಕಾಗಿಯೋ ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಲೇಖನವನ್ನು ಓದುವವರು ಯಾರಾದರೂ ಇದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನ ಫೋಕ್ ಕ್ಲಬ್ ಯಾವ ವಾರ ಎಲ್ಲಿ ಕೂಡುತ್ತದೆಂದು ವಿಚಾರಿಸಿ. ಒಂದೆರಡು ಬಾರಿ ಹೋಗಿ ಸುಮ್ಮನೆ ಕೇಳಿ, ರಾಫಲ್ ಚೀಟಿ ಕೊಳ್ಳಿ, ಪಲ್ಲವಿಗೆ ದನಿಗೂಡಿಸಿ. ಅನಂತರ ಬಾಗಿಲ ಮೇಜಿನ ಹಾಳೆಯಲ್ಲಿ ನಿಮ್ಮ ಹೆಸರನ್ನೂ ಬರೆಸಿ, ನಿಮ್ಮ ಅಜ್ಜಿ ಬೀಸುವಾಗಲೋ ನಾಟಿ ಮಾಡುವಾಗಲೋ ಹಾಡುತ್ತಿದ್ದ ಪದವನ್ನು ಕನ್ನಡದಲ್ಲಿಯೇ ಹಾಡಿ. ತನ್ನ ಊರಿನ ಹಾಡನ್ನು ತನ್ನ ಭಾಷೆಯಲ್ಲಿ ಹಾಡುವವನಿಗೆ ಆ ಕೋಣೆಯಲ್ಲಿ ಎಂದೂ ಮಾನ್ಯತೆಯಿದೆ. ಪಲ್ಲವಿಯನ್ನು ಮೊದಲೇ ಎರಡು ಸಲ ನಿಧಾನವಾಗಿ ಹೇಳಿಕೊಡಿ, ಅವರೂ ನಿಮ್ಮೊಡನೆ ಹಾಡುತ್ತಾರೆ.